ಓದಿದ್ದೇನೆ, ಅರ್ಥವಾಗಿದೆ

ಹನ್ನೆರಡು ಮೊಬೈಲು ಬಂದವು. ಹನ್ನೆರಡೂ ಬೀರುವಿನೊಳಗೆ ಹೋದವು.

ಇಷ್ಟೇ ಆಗಿದ್ದರೆ ಹೇಳುವ ಅಗತ್ಯವೇ ಇರಲಿಲ್ಲ. ಆ ಆಸ್ಪತ್ರೆಗೆ ಬಂದದ್ದೆಲ್ಲ ಬೀರುವಿಗೇ ಹೋಗುವುದು. ಹೊಸ ಕಂಬಳಿ ಬಂದವು, ಬೀರುವಿಗೆ ಹೋದವು, ರೋಗಿಗಳು ಮನೆಯಿಂದ ತಂದ ಹರಕು ಚಾದರವನ್ನೇ ಹೊದ್ದರು. ಬಿಪಿ ನೋಡುವ ಹೊಸ ಯಂತ್ರ ಬಂತು, ಅದೂ ಹೋಯಿತು, ವಾರ್ಡಿನಲ್ಲಿ ಗಾಳಿ ಸೋರುವ ಹಳೆಯದೇ ಉಳಿಯಿತು. ದೇವರು ಕೊಟ್ಟರೂ ಪೂಜಾರಿ ಕೊಡ. ಆದರೆ ಈ ಸಲ ಬೀರುವಿನೊಳಗೆ ತಣ್ಣಗೆ ಕೂತಿದ್ದ ಒಂದು ಮೊಬೈಲು, ಹೊರಗೆ ಬೆವರು ಸುರಿಸುತ್ತಿದ್ದ ಒಬ್ಬಳ ಕುತ್ತಿಗೆಗೆ ಹಗ್ಗ ಹಾಕಿತು. ಅದಕ್ಕೇ ಹೇಳಬೇಕಾಗಿದೆ.

ಮೊಬೈಲು ಕೊಟ್ಟವರು ದೂರದ ಒಂದು ಸಂಸ್ಥೆಯವರು. ಬಡ ದೇಶಗಳ ಸಿಸ್ಟರುಗಳಿಗೆ ಓದಲು ಪುಸ್ತಕ ಸಿಗುವುದಿಲ್ಲ, ಕೇಳಲು ಡಾಕ್ಟರು ಸಿಗುವುದಿಲ್ಲ. ಯಾವ ಔಷಧಿ ಎಷ್ಟು ಕೊಡಬೇಕು, ಹೇಗೆ ಕೊಡಬೇಕು, ಯಾರಿಗೆ ಕೊಡಬಾರದು ಎಂಬುದೆಲ್ಲ ಅವರ ಅಂಗೈಯಲ್ಲೇ ಇರಲಿ ಎಂದು ಯೋಚಿಸಿದರು. ಯೋಚನೆ ಒಳ್ಳೆಯದೇ, ಇಲ್ಲ ಅನ್ನುವವರು ಯಾರು? ಆದರೆ ಯಾವ ಸಿಸ್ಟರನ್ನಾದರೂ ಒಂದು ಮಾತು ಕೇಳಿದ್ದರೆ, ಬೀರುವಿನ ಬೀಗದ ಕೈ ಯಾರ ಹತ್ತಿರ ಇರುತ್ತದೆ ಅಂತ ಮೊದಲೇ ಹೇಳುತ್ತಿದ್ದಳು. ಕೋಳಿಯನ್ನು ಕೇಳಿ ಯಾರಾದರೂ ಮಸಾಲೆ ಅರೆಯುತ್ತಾರೆಯೇ?

ಮೂರನೇ ವಾರ್ಡಿನ ಸಿಸ್ಟರಿಗೆ ಬಂದದ್ದು ಏಳನೇ ನಂಬರಿನ ಮೊಬೈಲು. ಅವಳು ಆ ಆಸ್ಪತ್ರೆಯಲ್ಲೇ ಬೆಳೆದವಳು. ಅವಳ ಅಮ್ಮ ಅಲ್ಲಿ ಮೂವತ್ತು ವರ್ಷ ಕಸ ಗುಡಿಸಿ, ಕಕ್ಕಸು ತೊಳೆದು, ನೆಲದ ಮೇಲಿನ ರಕ್ತ, ವಾಂತಿ ಬಳಿದು ಮಗಳನ್ನು ನರ್ಸಿಂಗ್ ಓದಿಸಿದಳು. ಮಗಳು ಬಿಳಿ ಬಟ್ಟೆ ತೊಟ್ಟು ಅದೇ ಆಸ್ಪತ್ರೆಗೆ ಕೆಲಸಕ್ಕೆ ಬಂದ ದಿನ ಡ್ಯೂಟಿ ಡಾಕ್ಟರು, "ಪೊರಕೆ ಸಿಸ್ಟರ್ ಬಂದ್ರಪ್ಪಾ, ದಾರಿ ಬಿಡಿ" ಅಂದರು. ಎಲ್ಲರೂ ನಕ್ಕರು. ಒಂಬತ್ತು ವರ್ಷವಾಯಿತು. ನಗು ನಿಂತಿತು, ಹೆಸರು ಹೋಗಲಿಲ್ಲ. ಡಾಕ್ಟರುಗಳ ಕೋಣೆಯಲ್ಲಿ ಬೇರೆ ಸಿಸ್ಟರುಗಳಿಗೆ ಕುರ್ಚಿ ಇತ್ತು. ಅವಳಿಗೆ ಬಾಗಿಲ ಚೌಕಟ್ಟು.

ಅವಳ ವಾರ್ಡಿನಲ್ಲಿ ನಲವತ್ತು ಮಂಚ, ಅರವತ್ತು ರೋಗಿಗಳು, ಒಬ್ಬಳು ಸಿಸ್ಟರು. ಬೆಳಿಗ್ಗೆ ಏಳಕ್ಕೆ ಹೋದರೆ ಮೊದಲ ಎರಡು ಗಂಟೆ ಹೊರಳಿಸುವುದು, ಒರೆಸುವುದು, ಹೇಲು ಉಚ್ಚೆ ಬದಲಿಸುವುದು. ಆಮೇಲೆ ಸೂಜಿ. ಬಾಡಿದ ಕೈಗಳಲ್ಲಿ ನರ ಹುಡುಕಿ ಹುಡುಕಿ ಅವಳ ಹೆಬ್ಬೆರಳಿನ ತುದಿ ಗಡುಸಾಗಿತ್ತು. ಸೊಂಟ ಹಿಡಿದರೆ ಗೋಡೆಗೆ ಒರಗಿ ಹತ್ತು ಎಣಿಸುತ್ತಿದ್ದಳು. ಹನ್ನೊಂದು ಅನ್ನುವಷ್ಟರಲ್ಲಿ ಮತ್ತೆ ಹೊರಡುತ್ತಿದ್ದಳು.

ಮೊಬೈಲು ಬಂದ ದಿನ ಫೋಟೋದವನು ಬಂದಿದ್ದ. ಸಿಸ್ಟರುಗಳನ್ನೆಲ್ಲ ನೋಡಿ ಇವಳನ್ನು ಆರಿಸಿದ. "ಇವ್ರ ಮುಖದಲ್ಲಿ ಬಡತನ ಚೆನ್ನಾಗಿದೆ" ಅಂದ. ಹೌದು, ಹಾಗೇ ಅಂದ. ಅವಳ ಕೈಗೆ ಮೊಬೈಲು ಕೊಟ್ಟು, ಅದನ್ನು ನೋಡಿ ಮುಗುಳ್ನಗಲು ಹೇಳಿದ. ಅವಳು ನಿಜವಾಗಿಯೇ ನಕ್ಕಳು, ಪಾಪ. ಇನ್ನು ಮುಂದೆ ಯಾರನ್ನೂ ಅಂಗಲಾಚಬೇಕಾಗಿಲ್ಲ ಅಂದುಕೊಂಡಿದ್ದಳು. ಫೋಟೋ ಮುಗಿದ ಕೂಡಲೇ ಗುಮಾಸ್ತ ಕೈ ಚಾಚಿದ. "ಕೊಡಿ ಸಿಸ್ಟರ್, ಗೀರು ಬಿದ್ದೀತು." ಆ ಫೋಟೋ ಈಗ ಆಸ್ಪತ್ರೆಯ ಮುಂಬಾಗಿಲಲ್ಲಿ ಆಳೆತ್ತರದ ಪೋಸ್ಟರು. ಕೆಳಗೆ ದಪ್ಪಕ್ಷರ: ಜ್ಞಾನ ಈಗ ಅವಳ ಅಂಗೈಯಲ್ಲಿ. ಅಂಗೈಯಲ್ಲಿ ಮೊಬೈಲು ಇದ್ದದ್ದು ಒಟ್ಟು ನಾಲ್ಕು ನಿಮಿಷ.

ಕೊಡದೇ ಇದ್ದದ್ದು ಹಾಗಿರಲಿ, ಇದ್ದದ್ದನ್ನೂ ಕಿತ್ತುಕೊಂಡರು. ಸಿಸ್ಟರುಗಳೆಲ್ಲ ಮೊದಲಿನಿಂದ ಒಂದೊಂದು ಕೈಪುಸ್ತಕ ಇಟ್ಟುಕೊಳ್ಳುತ್ತಿದ್ದರು. ಮೂರನೇ ವಾರ್ಡಿನ ಸಿಸ್ಟರಿಗೆ ಅದು ದೊಡ್ಡಕ್ಕನಿಂದ ಬಂದದ್ದು. ದೊಡ್ಡಕ್ಕ ಅಂದರೆ ನಿವೃತ್ತರಾಗಿ ಹೋದ ಹೆಡ್ ಸಿಸ್ಟರು. ಮೂವತ್ತೈದು ವರ್ಷ ಕಂಡು, ಕೇಳಿ, ಕೆಲವು ಸಲ ತಪ್ಪಿ ಬರೆದಿಟ್ಟದ್ದು. ಯಾವ ಔಷಧಿ, ಎಷ್ಟು, ಎಷ್ಟು ಹೊತ್ತಿನಲ್ಲಿ, ಯಾಕೆ. ಎಣ್ಣೆ ಹಿಡಿದು ರಟ್ಟು ಕಪ್ಪಾಗಿತ್ತು. ಮೊಬೈಲು ಬಂದ ವಾರ ದೊಡ್ಡ ಡಾಕ್ಟರು, ಅಂದರೆ ಆಸ್ಪತ್ರೆಯ ಮುಖ್ಯಸ್ಥರು, ಆ ಪುಸ್ತಕಗಳನ್ನೆಲ್ಲ ತರಿಸಿಕೊಂಡರು. "ಈಗ ಎಲ್ಲ ಮೊಬೈಲಲ್ಲಿದೆ. ಸಂಸ್ಥೆಯವರು ಬಂದಾಗ ಈ ಗಲೀಜು ಕಾಣಬಾರದು." ಪುಸ್ತಕಗಳು ರದ್ದಿಗೆ ಹೋದವು. ಸ್ವಂತ ಮೊಬೈಲು ವಾರ್ಡಿಗೆ ತರುವಂತಿಲ್ಲ, ಅದು ಹಿಂದಿನ ವರ್ಷದ ಕಾನೂನು. ಯಾರೋ ಹೆರಿಗೆ ವಾರ್ಡಿನಲ್ಲಿ ಇಲಿ ಓಡಾಡುವುದನ್ನು ವಿಡಿಯೋ ಮಾಡಿದ್ದರು. ಇಲಿ ಹೋಗಲಿಲ್ಲ, ಮೊಬೈಲುಗಳು ಹೋದವು. ಗೇಟಿನಲ್ಲಿ ಒಂದು ಟ್ರೇ ಇಟ್ಟಿದ್ದಾರೆ, ಅದರಲ್ಲಿ ಹಾಕಿ ಒಳಗೆ ಬರಬೇಕು.

ಇನ್ನು ಬೀರುವಿನ ಮೊಬೈಲುಗಳ ಸಂಗತಿ. ಸಂಸ್ಥೆಯವರಿಗೆ ಪ್ರತಿ ದಿನ ಲೆಕ್ಕ ಹೋಗುತ್ತಿತ್ತು, ಯಾವ ಸಿಸ್ಟರು ಎಷ್ಟು ಪುಟ ಓದಿದಳು ಅಂತ. ಓದದಿದ್ದರೆ ಯೋಜನೆ ನಿಲ್ಲುತ್ತದೆ. ಯೋಜನೆ ನಿಂತರೆ ದೊಡ್ಡ ಡಾಕ್ಟರ ಕಾರು, ಅವರ ಪರದೇಶದ ಭಾಷಣ ಎಲ್ಲ ನಿಲ್ಲುತ್ತವೆ. ಆದ್ದರಿಂದ ಗುಮಾಸ್ತ ದಿನಾ ಬೆಳಿಗ್ಗೆ ಹತ್ತಕ್ಕೆ ಬೀರು ತೆಗೆದು, ಹನ್ನೆರಡು ಮೊಬೈಲನ್ನೂ ಮೇಜಿನ ಮೇಲೆ ಸಾಲಾಗಿ ಹರಡಿಕೊಂಡು, ಒಂದೊಂದರಲ್ಲೂ ಇಪ್ಪತ್ತು ಪುಟ ತೆಗೆದು ಮುಚ್ಚುತ್ತಿದ್ದ. ಪುಟಗಳೆಲ್ಲ ಇಂಗ್ಲಿಷಿನಲ್ಲಿದ್ದವು. ಪ್ರತಿ ಪುಟದ ಕೊನೆಯ ಗುಂಡಿಯೊಂದೇ ನಮ್ಮ ಭಾಷೆಯಲ್ಲಿತ್ತು. "ಓದಿದ್ದೇನೆ, ಅರ್ಥವಾಗಿದೆ." ಅದನ್ನು ಒತ್ತದೆ ಪುಟ ಮುಚ್ಚುತ್ತಿರಲಿಲ್ಲ. ಗುಮಾಸ್ತ ಒಂದು ಅಕ್ಷರ ಓದದೆ ದಿನಕ್ಕೆ ಇನ್ನೂರನಲವತ್ತು ಸಲ ಅರ್ಥ ಮಾಡಿಕೊಳ್ಳುತ್ತಿದ್ದ. ಥೂ.

ಮೊಬೈಲು ಬಂದು ಹದಿನಾಲ್ಕು ತಿಂಗಳಾದ ಮೇಲೆ ಒಂದು ದಿನ ಬೆಳಿಗ್ಗೆ ಇಸ್ತ್ರಿಯವನು ಹೆಂಡತಿಯನ್ನು ಎತ್ತಿಕೊಂಡು ಬಂದ. ಆಸ್ಪತ್ರೆಯ ಎದುರು ರಸ್ತೆಯ ಮೂಲೆಯಲ್ಲಿ ಅವರಿಬ್ಬರದೂ ಇಸ್ತ್ರಿ ಗಾಡಿ. ಡಾಕ್ಟರುಗಳ ಬಿಳಿ ಕೋಟು, ಸಿಸ್ಟರುಗಳ ಬಟ್ಟೆ ಎಲ್ಲ ಅವರ ಕೈಯಲ್ಲೇ ಮಡಿಕೆ ಬೀಳುವುದು. ಇಪ್ಪತ್ತೆರಡರ ಹುಡುಗಿ, ತೂಕ ನಲವತ್ತು ಕೆಜಿ ಇರಲಾರದು. ಬೆಳಗಿನಿಂದ ಫಿಟ್ಸ್ ಬಂದು ಬಂದು ತುಟಿ ಕಚ್ಚಿ ಹರಿದುಹೋಗಿತ್ತು. ಬಾಯಲ್ಲಿ ನೊರೆ, ನೊರೆಯಲ್ಲಿ ರಕ್ತ.

ಡ್ಯೂಟಿ ಡಾಕ್ಟರು ಡ್ಯೂಟಿಯಲ್ಲಿರಲಿಲ್ಲ. ತಮ್ಮ ಸ್ವಂತ ಕ್ಲಿನಿಕ್ಕಿನಲ್ಲಿದ್ದರು. ಸಿಸ್ಟರು ವಾರ್ಡಿನ ಗೋಡೆಯ ಫೋನಿನಿಂದ ಅಲ್ಲಿಗೆ ಹಚ್ಚಿದಳು.

"ಸಾರ್, ಫಿಟ್ಸ್ ನಿಲ್ತಾನೇ ಇಲ್ಲ. ಒಂದು ನಿಲ್ಲೋದ್ರೊಳಗೆ ಇನ್ನೊಂದು ಬರ್ತಿದೆ."

"ಫಿಟ್ಸ್ ಇಂಜೆಕ್ಷನ್ ನಾಲ್ಕು ಸೀಸೆ ಹಾಕು."

ಆ ಆಸ್ಪತ್ರೆಯಲ್ಲಿ ಡಾಕ್ಟರುಗಳು ಮಾತಾಡುವುದೇ ಹಾಗೆ. ಇಷ್ಟು ಮಿಲಿಗ್ರಾಂ ಅಂತ ಯಾರೂ ಹೇಳುವುದಿಲ್ಲ. ಎರಡು ಸೀಸೆ, ನಾಲ್ಕು ಸೀಸೆ, ಅಷ್ಟೆ. ಸೀಸೆ ಬದಲಾಗುವವರೆಗೆ ಅದರಿಂದ ಯಾರಿಗೂ ಏನೂ ಆಗಿರಲಿಲ್ಲ.

"ಸಾರ್, ನಿನ್ನೆ ಹೊಸ ಸ್ಟಾಕ್ ಬಂದಿದೆ. ಈ ಸೀಸೆ ದೊಡ್ಡದು. ಹಳೇದ್ರಲ್ಲಿ ನೂರಿತ್ತು, ಇದ್ರ ಮೇಲೆ ಇನ್ನೂರೈವತ್ತು ಅಂತ ಬರೆದಿದೆ. ನಾಲ್ಕು ಹಾಕಿದ್ರೆ ಸಾವಿರ ಆಗತ್ತೆ."

"ಡಾಕ್ಟರ್ ನೀನೋ ನಾನೋ?"

"ಅಲ್ಲ ಸಾರ್, ಎಷ್ಟು ನಿಧಾನಕ್ಕೆ ಕೊಡ್ಬೇಕು ಅಂತ..."

"ನಿಮ್ಮಮ್ಮ ಯಾವ ಮೂಲೆಯಿಂದ ಗುಡಿಸ್ಲಿ ಅಂತ ನನ್ನ ಕೇಳ್ತಿದ್ಲಾ? ನಾಲ್ಕು ಅಂದ್ರೆ ನಾಲ್ಕು. ಇಡು ಫೋನು."

ಫೋನು ಇಟ್ಟಳು. ಅವಳಿಗೆ ನೆನಪಿದ್ದದ್ದು ಒಂದೇ: ನಾಲ್ಕು ಸೀಸೆ, ಎಂಟು ನಿಮಿಷ. ಗಡಿಯಾರ ನೋಡಿಕೊಂಡು ಎಂಟು ನಿಮಿಷದಲ್ಲಿ ಒಳಗೆ ಬಿಡುವುದು. ದೊಡ್ಡಕ್ಕನ ಪುಸ್ತಕದಲ್ಲಿ ಎಂಟೇ ಯಾಕೆ ಅನ್ನುವುದೂ ಇತ್ತು. ಎಡಗಡೆಯ ಪುಟ, ಕೆಂಪು ಶಾಯಿ, ಕೆಳಗೆ ಗೀಟು. ಪುಟ ಕಣ್ಣಿಗೆ ಕಟ್ಟಿದಂತಿತ್ತು. ಅಕ್ಷರ ಮಾತ್ರ ಬರುತ್ತಿರಲಿಲ್ಲ.

"ಭುಜ ಗಟ್ಟಿಯಾಗಿ ಹಿಡ್ಕೊಳ್ಳಿ, ಒಂದೇ ಮಗ್ಗುಲಿಗೆ ಮಲಗಿಸಿರಿ, ಬಂದೆ" ಅಂತ ಇಸ್ತ್ರಿಯವನಿಗೆ ಹೇಳಿ ಆಫೀಸಿಗೆ ಓಡಿದಳು.

ಆಫೀಸಿನ ಕಿಟಕಿಗೆ ಕಬ್ಬಿಣದ ಜಾಲರಿ. ಆಚೆ ಗುಮಾಸ್ತ ಹನ್ನೆರಡು ಮೊಬೈಲು ಹರಡಿಕೊಂಡು ಅರ್ಥ ಮಾಡಿಕೊಳ್ಳುವ ಕೆಲಸದಲ್ಲಿದ್ದ.

"ಗುಮಾಸ್ತರೇ, ನನ್ನ ಮೊಬೈಲು ಕೊಡಿ. ಎರಡೇ ನಿಮಿಷ."

"ದೊಡ್ಡ ಡಾಕ್ಟರ ಸಹಿ ತಂದಿದೀರಾ?"

"ಅವ್ರು ಎಲ್ಲಿದಾರೆ?"

"ಮೀಟಿಂಗಲ್ಲಿ."

"ಅಯ್ಯೋ, ಅಲ್ಲಿ ಜೀವ ಹೋಗ್ತಿದೆ. ಕೊಡ್ಬೇಡಿ, ನೀವೇ ತೆಗೆದು ತೋರ್ಸಿ. ಜಾಲರಿ ಈಚೆಯಿಂದಲೇ ಓದ್ಕೋತೀನಿ."

ಗುಮಾಸ್ತ ಕೆಟ್ಟವನಲ್ಲ. ಅಂಥವರಿಂದಲೇ ಎಲ್ಲ ಕೆಡುವುದು. ಏಳನೇ ನಂಬರಿನ ಮೊಬೈಲು ಎತ್ತಿಕೊಂಡ, ಪರದೆಯ ಚುಕ್ಕೆಗಳ ಮೇಲೆ ಬೆರಳೆಳೆದು ಬೀಗ ತೆಗೆದ, ಅವಳು ಹೇಳಿದ ಔಷಧಿಯ ಹೆಸರನ್ನು ಒಂದೊಂದೇ ಅಕ್ಷರ ಕೇಳಿ ಒತ್ತಿದ. ಪುಟ ತೆರೆಯಿತು. ಅವನು ಅದನ್ನು ಅವಳ ಕಡೆ ತಿರುಗಿಸಬೇಕು, ಅಷ್ಟರಲ್ಲಿ ಪಡಸಾಲೆಯಲ್ಲಿ ದೊಡ್ಡ ಡಾಕ್ಟರ ಬೂಟಿನ ಸದ್ದು. ಗುಮಾಸ್ತ ಅಭ್ಯಾಸದ ಬಲದಿಂದ ಕೆಳಗಿನ ಗುಂಡಿ ಒತ್ತಿ, ಮೊಬೈಲನ್ನು ಫೈಲಿನ ಅಡಿಗೆ ತಳ್ಳಿ, ಮೇಲೆ ನೋಡತೊಡಗಿದ. ಅವಳಿಗೆ ಕಂಡದ್ದು ಬೆಳಕಷ್ಟೆ.

"ವಾರ್ಡ್ ಬಿಟ್ಟು ಇಲ್ಲೇನ್ ಮಾಡ್ತಿದೀಯ?" ದೊಡ್ಡ ಡಾಕ್ಟರು ಕೇಳಿದರು.

"ಸಾರ್, ಮೊಬೈಲಲ್ಲಿ ಒಂದು ಡೋಸು ನೋಡ್ಬೇಕಿತ್ತು."

"ರೋಗಿ ಬಿಟ್ಟು ಮೊಬೈಲ್ ನೋಡೋ ಚಟ ಶುರುವಾಯ್ತಾ? ನಡಿ, ನಡಿ."

ಅತ್ತ ವಾರ್ಡಿನಿಂದ ಇಸ್ತ್ರಿಯವನ ಕೂಗು. "ಸಿಸ್ಟರ್! ಮತ್ತೆ ಬಂತು ಸಿಸ್ಟರ್!" ಅವಳು ಓಡಿದಳು.

ಕೊಟ್ಟಳು. ಅವಳೇ ಕೊಟ್ಟಳು. ಹೊಸ ಸೀಸೆ ನಾಲ್ಕನ್ನೂ, ಗೋಡೆಯ ಗಡಿಯಾರ ನೋಡುತ್ತ, ಎಂಟು ನಿಮಿಷಕ್ಕೆ ಸರಿಯಾಗುವಂತೆ. ಏಳನೇ ನಿಮಿಷದಲ್ಲಿ ಫಿಟ್ಸ್ ನಿಂತಿತು. ಇಸ್ತ್ರಿಯವನು, "ಅಬ್ಬಾ" ಅಂದ. ಎಂಟನೇ ನಿಮಿಷದಲ್ಲಿ ಅವಳ ಹೆಬ್ಬೆರಳಿನ ಕೆಳಗೆ ನಾಡಿ ನಿಂತಿತು. ಮಂಚ ಹತ್ತಿ ಮಂಡಿಯೂರಿ ಎದೆ ಒತ್ತಿದಳು. ಒತ್ತಿದಳು, ಒತ್ತಿದಳು. ಸೊಂಟ ಹಿಡಿಯಿತು, ತೋಳು ಸೋತವು, ಬೆವರು ಆ ಹುಡುಗಿಯ ಮುಖದ ಮೇಲೆ ಬಿತ್ತು. ಒಂದೂವರೆ ಗಂಟೆಯ ಮೇಲೆ ಡ್ಯೂಟಿ ಡಾಕ್ಟರು ಬಂದರು. ಮುಟ್ಟಲಿಲ್ಲ. ಸಮಯ ಬರೆದು ಹೋದರು. ಅವರ ಕೋಟಿನ ಮಡಿಕೆ ಗರಿಗರಿಯಾಗಿತ್ತು.

ಮೂರನೇ ದಿನ ದೊಡ್ಡ ಡಾಕ್ಟರು ಅವಳನ್ನು ಕರೆಸಿದರು. ಮೇಜಿನ ಮೇಲೆ ಒಂದು ಅಚ್ಚಾದ ಹಾಳೆ ಇತ್ತು.

"ಓದ್ತೀನಿ ಕೇಳು. ಮೊಬೈಲ್ ನಂಬರ್ ಏಳು. ಹತ್ತು ಗಂಟೆ ನಲವತ್ತೆರಡು ನಿಮಿಷ. ಫಿಟ್ಸ್ ಔಷಧಿಯ ಪುಟ ತೆರೆದಿದೆ. ಓದಿದ್ದೇನೆ, ಅರ್ಥವಾಗಿದೆ ಅಂತ ಒತ್ತಿದೆ. ಇಂಜೆಕ್ಷನ್ ಕೊಟ್ಟಿದ್ದು ಹತ್ತು ಐವತ್ತಕ್ಕೆ. ಎಲ್ಲ ಓದಿ, ಗೊತ್ತಿದ್ದೂ ಗೊತ್ತಿದ್ದೂ ತಪ್ಪು ಮಾಡಿದೀಯಲ್ಲ!"

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಆದಾಗ ಮೇಜಿನ ಹತ್ತಿರಕ್ಕೆ ಸರಿದಳು.

"ಸಾರ್, ಮೊಬೈಲು ಗುಮಾಸ್ತರ ಕೈಲಿತ್ತು. ನಾನು ಜಾಲರಿ ಈಚೆ ಇದ್ದೆ. ನೀವೇ ನೋಡಿದ್ರಿ."

ಮೂಲೆಯಲ್ಲಿ ನಿಂತಿದ್ದ ಗುಮಾಸ್ತ ನೆಲ ನೋಡಿದ.

"ನಾನೇನೂ ನೋಡಿಲ್ಲ" ಅಂದರು ದೊಡ್ಡ ಡಾಕ್ಟರು.

"ಎಷ್ಟು ಹೊತ್ತು ತೆರೆದಿತ್ತು ಅಂತಾನೂ ಬಂದಿರ್ಬೇಕಲ್ಲ ಸಾರ್?"

ಅವರು ಹಾಳೆಯ ಮೇಲೆ ಕಣ್ಣಾಡಿಸಿದರು. "ಹನ್ನೊಂದು ಸೆಕೆಂಡು."

"ಅಷ್ಟು ದೊಡ್ಡ ಪುಟ ಹನ್ನೊಂದು ಸೆಕೆಂಡಲ್ಲಿ ಓದೋಕಾಗತ್ತಾ?"

"ನೀನು ಬುದ್ಧಿವಂತೆ ಅಲ್ವಾ? ಡಾಕ್ಟರಿಗೇ ಪಾಠ ಹೇಳೋಳು."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹಳೆಯ ವೈದ್ಯ. ಇಲ್ಲಿ ಎಮ್ಮೆಯ ಕೈಯಲ್ಲೇ ಕಾದ ಕಬ್ಬಿಣ ಕೊಟ್ಟು, ನೀನೇ ಎಳೆದುಕೋ ಅಂದರು. ಇನ್ನೊಂದು ಹಾಳೆ ಮುಂದೆ ಸರಿಸಿದರು. 'ಮೊಬೈಲಿನಲ್ಲಿ ಸರಿಯಾದ ಮಾಹಿತಿಯನ್ನು ಓದಿ ತಿಳಿದುಕೊಂಡಿದ್ದರೂ ನನ್ನ ಅಜಾಗರೂಕತೆಯಿಂದ...' ಕೆಳಗೆ ಸಹಿಗೆ ಜಾಗ.

"ಸಹಿ ಹಾಕು. ಮೂರು ತಿಂಗಳು ಮನೇಲಿರು, ಆಮೇಲೆ ಬೇರೆ ಕಡೆ ಹಾಕಿಸ್ತೀನಿ. ಹಾಕಲ್ಲ ಅಂದ್ರೆ ನಿನ್ನ ನರ್ಸಿಂಗ್ ಲೈಸೆನ್ಸ್ ಹೋಗತ್ತೆ, ಪೊಲೀಸರು ಬರ್ತಾರೆ. ನಾಳೆ ಹನ್ನೊಂದಕ್ಕೆ ಸಂಸ್ಥೆಯವರು ಬರ್ತಾರೆ. ಪೋಸ್ಟರಲ್ಲಿರೋದು ನಿನ್ನ ಮುಖ, ನೀನು ಇರ್ಲೇಬೇಕು. ನಗ್ತಾ ನಿಲ್ಲು. ಆದ್ಮೇಲೆ ಕಾಗದ ತಂದುಕೊಡು."

ನೋಡಿ ಇವರ ನಾಚಿಕೆಗೆಟ್ಟತನ. ಹನ್ನೊಂದಕ್ಕೆ ನಗಬೇಕು, ಹನ್ನೆರಡಕ್ಕೆ ಕೊಲೆಗಾರ್ತಿಯಾಗಬೇಕು. ಅವಳು ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡು ಮನೆಗೆ ಬಂದಳು.

ಮನೆ ಅಂದರೆ ಒಂದು ಕೋಣೆ, ಒಂದು ಅಡುಗೆ ಮೂಲೆ. ಅಮ್ಮ ಹೊಸ್ತಿಲ ಮೇಲೆ ಕೂತು ಅಂಗೈಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಮೂವತ್ತು ವರ್ಷದ ಫಿನಾಯಿಲು ಅವಳ ಅಂಗೈಯ ಗೆರೆಗಳನ್ನೇ ತಿಂದುಬಿಟ್ಟಿತ್ತು. "ನನ್ನ ಹಣೆಬರಹ ನೋಡ್ಬೇಕಂದ್ರೆ ಶಾಸ್ತ್ರದವನು ಕಾಲೇ ನೋಡ್ಬೇಕು" ಅಂತ ಆಗಾಗ ನಗಾಡುತ್ತಿದ್ದಳು. ಇವತ್ತು ನಗಲಿಲ್ಲ. ಮಗಳು ಕಾಗದ ಓದಿ ಹೇಳಿದಳು.

"ಸಹಿ ಹಾಕಿದ್ರೆ ಕೆಲಸ ಉಳಿಯತ್ತಮ್ಮ."

ಅಮ್ಮ ಮಾತಾಡುವ ಮೊದಲೇ ಬಾಗಿಲಲ್ಲಿ ಇಸ್ತ್ರಿಯವನು ನಿಂತಿದ್ದ. ಕೈಯಲ್ಲಿ ಒಂದು ಬಟ್ಟೆಯ ಗಂಟು. ಒಳಗೆ ಬರಲಿಲ್ಲ.

"ನಿಮ್ ಯೂನಿಫಾರ್ಮು. ಫಿಟ್ಸ್ ಬರೋ ಹಿಂದಿನ ದಿನ ಅವಳು ಮಾಡಿಟ್ಟಿದ್ಲು" ಅಂದ. ಗಂಟನ್ನು ಹೊಸ್ತಿಲ ಮೇಲಿಟ್ಟ. "ದೊಡ್ಡ ಡಾಕ್ಟರು ಕರೆಸಿದ್ರು. ನೀವು ಮೊಬೈಲಲ್ಲಿ ಎಲ್ಲ ಓದ್ಕೊಂಡೇ ಕೊಟ್ರಂತೆ. ಹೌದಾ ಸಿಸ್ಟರ್?"

"ಕೊಟ್ಟಿದ್ದು ನಾನೇ. ಸೂಜಿ ಹಿಡಿದಿದ್ದು ಈ ಕೈಯೇ. ಅದನ್ನ ಇಲ್ಲ ಅನ್ನಲ್ಲ. ಆದ್ರೆ ಡಾಕ್ಟರು ಫೋನಲ್ಲಿ..."

"ನಂಗೆ ಅದೆಲ್ಲ ಬೇಡ. ಓದಿದ್ರಾ, ಇಲ್ವಾ?"

"ಇಲ್ಲ ಅಣ್ಣ."

"ಮೆಷಿನ್ನಲ್ಲಿ ಬಂದಿದೆ, ತೋರ್ಸಿದ್ರು. ಓದಿದ್ದೇನೆ ಅಂತ ನಮ್ ಭಾಷೇಲೇ ಇದೆ. ಅದೊಂದು ಸಾಲು ನಂಗೂ ಓದೋಕೆ ಬಂತು. ಮೆಷಿನ್ನು ಸುಳ್ಳು ಹೇಳತ್ತಾ?"

ಅವನು ಬೈಯಲಿಲ್ಲ, ಕೈ ಎತ್ತಲಿಲ್ಲ. ಎತ್ತಿದ್ದರೆ ಎಷ್ಟೋ ಹಗುರವಾಗುತ್ತಿತ್ತು. "ಅವಳು ನಿಮ್ ಬಟ್ಟೇನ ಮಾತ್ರ ಎರಡು ಸಲ ಇಸ್ತ್ರಿ ಮಾಡ್ತಿದ್ಲು. ಸಿಸ್ಟರ್ ಒಳ್ಳೇವ್ರು ಅಂತಿದ್ಲು" ಅಂದು ತಿರುಗಿದ.

"ಅಣ್ಣಾ, ನಾಳೆ ಹನ್ನೊಂದಕ್ಕೆ ಆಸ್ಪತ್ರೆ ಹಾಲಿಗೆ ಬನ್ನಿ" ಅಂದಳು. ಯಾಕೆ ಕರೆದೆ ಅಂತ ಅವಳಿಗೂ ಸರಿಯಾಗಿ ಗೊತ್ತಿರಲಿಲ್ಲ.

ಅವನು ಹೋದ ಮೇಲೆ ಅಮ್ಮ ಕಾಗದವನ್ನು ಮಗಳ ಕೈಯಿಂದ ತೆಗೆದುಕೊಂಡಳು. ಓದು ಬಾರದವಳು, ತಲೆಕೆಳಗಾಗಿ ಹಿಡಿದು ನೋಡಿದಳು.

"ಕೇಳು. ನಾನು ಮೂವತ್ತು ವರ್ಷ ಅವ್ರ ಹೇಲು ಬಳಿದೆ. ಹೊಟ್ಟೆಪಾಡು, ಬಳಿದೆ. ನೀರು ಹಾಕಿದ್ರೆ ಕೈ ತೊಳೆದುಹೋಗ್ತಿತ್ತು. ಇದು ಅವ್ರ ಸುಳ್ಳು. ಇದನ್ನ ಬಳಿದ್ರೆ ತೊಳೆಯೋಕೆ ನೀರು ಎಲ್ಲಿಂದ ತರ್ತೀಯ?"

"ಲೈಸೆನ್ಸ್ ಹೋಗತ್ತಮ್ಮ."

"ಹೋಗ್ಲಿ. ಪೊರಕೆ ಇದೆ ಮನೇಲಿ. ಪೊರಕೆಗೆ ಲೈಸೆನ್ಸ್ ಕೇಳಲ್ಲ."

ಮರುದಿನ ಆ ಹುಡುಗಿ ಇಸ್ತ್ರಿ ಮಾಡಿಟ್ಟ ಬಟ್ಟೆಯನ್ನೇ ತೊಟ್ಟು ಹೋದಳು. ತೋಳಿನ ಮಡಿಕೆಯಲ್ಲಿ ಇದ್ದಿಲಿನ ಒಂದು ಸಣ್ಣ ಕಪ್ಪು ಚುಕ್ಕೆ ಇತ್ತು. ಒರೆಸಲಿಲ್ಲ.

ಮುಂಬಾಗಿಲ ಪೋಸ್ಟರನ್ನು ಹಾಲಿಗೆ ತಂದು ಗೋಡೆಗೆ ನಿಲ್ಲಿಸಿದ್ದರು, ಕುರ್ಚಿಗಳಿಗೆ ಬಿಳಿ ಗವಸು ಹಾಕಿದ್ದರು. ವಾರ್ಡಿನಲ್ಲಿ ರೋಗಿಗಳಿಗೆ ಹಾಸಲು ಚಾದರ ಇಲ್ಲ, ಇಲ್ಲಿ ಕುರ್ಚಿಗಳಿಗೆ ಬಟ್ಟೆ. ಸಂಸ್ಥೆಯ ಮೇಡಂ ಬಂದಿದ್ದರು, ಜೊತೆಗೆ ಫೋಟೋದವನು. ಹನ್ನೆರಡು ಸಿಸ್ಟರುಗಳು ಸಾಲಾಗಿ ನಿಂತರು. ಗುಮಾಸ್ತ ಒಬ್ಬೊಬ್ಬರ ಕೈಗೂ ಮೊಬೈಲು ಇಡುತ್ತ ಬಂದ. ಮೊದಲೇ ಬೀಗ ತೆಗೆದು ಒಂದೊಂದು ಪುಟ ತೆರೆದಿಟ್ಟಿದ್ದ, ಕಂಡರೆ ಸಾಕು ಅಂತ. ಬಾಗಿಲ ಹತ್ತಿರ ಇಸ್ತ್ರಿಯವನು ನಿಂತಿದ್ದ. ಕಾವಲುಗಾರ ತಡೆಯಲಿಲ್ಲ, ಯಾರದೋ ಕೋಟು ತಂದಿದ್ದಾನೆ ಅಂದುಕೊಂಡ.

ದೊಡ್ಡ ಡಾಕ್ಟರು ಭಾಷಣ ಮಾಡಿದರು. ನಮ್ಮ ಸಿಸ್ಟರುಗಳು ವರ್ಷಕ್ಕೆ ಎಂಬತ್ತು ಸಾವಿರ ಪುಟ ಓದಿದ್ದಾರೆ ಅಂದರು. ಚಪ್ಪಾಳೆ ಬಿತ್ತು. ಎಂಬತ್ತು ಸಾವಿರ ಓದಿದ ಹೆಬ್ಬೆರಳು ಮೂಲೆಯಲ್ಲಿ ನಿಂತು ತಾನೂ ಚಪ್ಪಾಳೆ ತಟ್ಟಿತು.

ಮೇಡಂ ಪೋಸ್ಟರನ್ನೂ ಇವಳ ಮುಖವನ್ನೂ ನೋಡಿ ಹತ್ತಿರ ಬಂದರು. "ನೀವೇ ಅಲ್ವಾ? ಎಷ್ಟು ಖುಷಿ ಆಗತ್ತೆ! ಹೇಗೆ ಉಪಯೋಗಿಸ್ತೀರಿ, ತೋರ್ಸಿ. ಯಾವುದಾದ್ರೂ ಒಂದು ಔಷಧಿ ಹುಡುಕಿ ನೋಡೋಣ."

ಭಾಷಣ ಉದ್ದವಾಗಿತ್ತು. ಅವಳ ಕೈಯ ಮೊಬೈಲು ಯಾವಾಗಲೋ ಕಪ್ಪಾಗಿತ್ತು. ಮುಟ್ಟಿದಳು. ಒಂಬತ್ತು ಚುಕ್ಕೆ ಬಂದವು. ಅವಳು ಆ ಚುಕ್ಕೆಗಳನ್ನೇ ನೋಡಿದಳು. ಆ ಕ್ಷಣ ಅವಳಿಗೆ ದಾರಿ ಕಂಡಿತು.

"ನಂಗೆ ತೆಗೆಯೋಕೆ ಬರಲ್ಲ ಮೇಡಂ."

"ಅಂದ್ರೆ?"

"ಇದರ ಬೀಗ ಹೇಗೆ ತೆಗೆಯೋದು ಅಂತ ನಂಗೆ ಗೊತ್ತಿಲ್ಲ. ಹದಿನಾಲ್ಕು ತಿಂಗಳಲ್ಲಿ ಇದು ನನ್ನ ಕೈಗೆ ಬಂದಿದ್ದು ಎರಡೇ ಸಲ. ಫೋಟೋ ದಿನ, ಇವತ್ತು."

"ಗಾಬರಿಯಲ್ಲಿ ಮರೆತಿದಾಳೆ" ಅಂದರು ದೊಡ್ಡ ಡಾಕ್ಟರು, ನಗುತ್ತ. ಹಲ್ಲಷ್ಟೇ ನಕ್ಕವು.

"ಗುಮಾಸ್ತರೇ," ಅವಳು ದನಿ ಎತ್ತಿದಳು, "ಬನ್ನಿ. ನನ್ನ ಮೊಬೈಲು ತೆಗೆದುಕೊಡಿ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗುಮಾಸ್ತ ಎರಡೂ ಕೈ ಜೇಬಿಗೆ ಹಾಕಿಕೊಂಡ. ಅಷ್ಟರಲ್ಲಿ ಐದನೇ ವಾರ್ಡಿನ ಸಿಸ್ಟರು, ಐವತ್ತು ದಾಟಿದವಳು, ಯಾವತ್ತೂ ಗಟ್ಟಿ ಮಾತಾಡದವಳು, ತನ್ನ ಮೊಬೈಲನ್ನೂ ಮುಂದೆ ಚಾಚಿದಳು. "ನಂದೂ ತೆಗೀರಿ ಗುಮಾಸ್ತರೇ. ಕಪ್ಪಾಗಿದೆ." ಆಮೇಲೆ ಇನ್ನೊಬ್ಬಳು. ಉಳಿದ ಒಂಬತ್ತು ಮಂದಿ ನೆಲ ನೋಡುತ್ತ ನಿಂತರು. ಅವರನ್ನು ಬೈದು ಏನು ಮಾಡುವುದು? ಅವರಿಗೂ ಮನೆ ಇದೆ.

ಮೇಡಂ ಗುಮಾಸ್ತನನ್ನು ನೋಡಿದರು. ಅವನು ದೊಡ್ಡ ಡಾಕ್ಟರನ್ನು ನೋಡಿದ. ಬೇರೆ ದಾರಿ ಕಾಣದೆ ಬಂದು ಏಳನೇ ನಂಬರಿನ ಮೊಬೈಲು ಹಿಡಿದ. ಅವನ ಹೆಬ್ಬೆರಳು ಚುಕ್ಕೆಗಳ ಮೇಲೆ ಸರ್ರನೆ ಹೋಯಿತು. ಪರದೆ ನೋಡಲೇ ಇಲ್ಲ. ಮೊಬೈಲು ತೆರೆಯಿತು, ಅವಳ ಕೈಗೆ ಮರಳಿ ಬಂತು. ಐದನೇ ವಾರ್ಡಿನದು ಕೊಟ್ಟರು, ಅದೂ ಹಾಗೇ, ಬೇರೆ ಗೆರೆ. ಇನ್ನೊಬ್ಬಳದು, ಮತ್ತೊಂದು ಗೆರೆ.

ಮೇಡಂಗೆ ಅರ್ಥವಾಯಿತು. ಕಣ್ಣಲ್ಲೇ ಗೊತ್ತಾಯಿತು. ಅವರು ಅವಳ ಭುಜದ ಮೇಲೆ ಕೈಯಿಟ್ಟು ಮೆತ್ತಗೆ ಹೇಳಿದರು, "ನೋಡಿ ಸಿಸ್ಟರ್, ಇದನ್ನ ಇಲ್ಲಿ ಮಾತಾಡೋದು ಬೇಡ. ಈ ವರ್ಷದ ವರದಿ ಆಗ್ಲೇ ಮೇಲಕ್ಕೆ ಹೋಗಿದೆ."

ಥೂ, ಇವರದೂ ಅದೇ ವಾಸನೆ. ಅತ್ತರು ಬೇರೆ, ಅಷ್ಟೆ. ಅವಳು ಭುಜ ಕೊಡವಿ ಆ ಕೈಯನ್ನು ಕೆಳಗೆ ಬೀಳಿಸಿದಳು.

ಸಾಲು ಬಿಟ್ಟು ಬಾಗಿಲ ಕಡೆ ನಡೆದಳು. "ಸಿಸ್ಟರ್! ಮೊಬೈಲ್ ಕೊಟ್ಟು ಹೋಗು!" ದೊಡ್ಡ ಡಾಕ್ಟರು ಕಿರುಚಿದರು. ಆ ಕೂಗನ್ನು ಬೆನ್ನಿಗೆ ಹಾಕಿಕೊಂಡು ಇಸ್ತ್ರಿಯವನ ಮುಂದೆ ಹೋಗಿ ನಿಂತು ಔಷಧಿಯ ಹೆಸರು ಒತ್ತಿದಳು. ಆ ಪುಟ ತೆರೆಯಿತು. ಮೊದಲ ಸಲ ನೋಡಿದಳು. ಬೆರಳಿಟ್ಟು, ಒಂದೊಂದೇ ಸಾಲು ಇಂಗ್ಲಿಷಿನಲ್ಲಿ ಓದಿಕೊಂಡು ಅವನಿಗೆ ತಿಳಿಯುವಂತೆ ಹೇಳಿದಳು. ಹಾಲಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

"ಈ ಔಷಧಿ ರೋಗಿಯ ತೂಕ ನೋಡಿ ಕೊಡಬೇಕು. ಸೀಸೆ ಎಣಿಸಿ ಅಲ್ಲ. ನಾವು ತೂಕ ನೋಡ್ಲಿಲ್ಲ ಅಣ್ಣ. ವಾರ್ಡಲ್ಲಿ ತಕ್ಕಡಿ ಇಲ್ಲ."

ಅವನು ಅವಳ ಬೆರಳನ್ನೇ ನೋಡುತ್ತಿದ್ದ.

"ನಿಮಿಷಕ್ಕೆ ಐವತ್ತು ಮಿಲಿಗ್ರಾಂಗಿಂತ ಹೆಚ್ಚು ಒಳಗೆ ಹೋಗಬಾರದು. ಹಳೇ ಸೀಸೆ ನಾಲ್ಕು ಅಂದ್ರೆ ನಾನೂರು. ಅದಕ್ಕೇ ಎಂಟು ನಿಮಿಷ." ಅವಳ ಬೆರಳು ಆ ಸಾಲಿನ ಮೇಲೆ ನಿಂತಿತು. ದೊಡ್ಡಕ್ಕನ ಕೆಂಪು ಶಾಯಿ ಈಗ ನೆನಪಾಯಿತು, ಅಕ್ಷರ ಅಕ್ಷರವೂ. "ಹೊಸದು ನಾಲ್ಕು ಅಂದ್ರೆ ಸಾವಿರ. ಸಾವಿರ ಹೋಗೋಕೆ ಇಪ್ಪತ್ತು ನಿಮಿಷ ಬೇಕು. ನಾನು ಎಂಟರಲ್ಲಿ ಕೊಟ್ಟೆ."

ಯಾರೋ ಕುರ್ಚಿ ಸರಿಸಿದರು. ಕಾವಲುಗಾರನಿಗೆ ದೊಡ್ಡ ಡಾಕ್ಟರು ಕೈಸನ್ನೆ ಮಾಡುತ್ತಿದ್ದರು. ಅವನು ಕಾಣದವನಂತೆ ಪೋಸ್ಟರು ನೋಡುತ್ತಿದ್ದ.

"ಬೇಗ ಕೊಟ್ಟರೆ ಹೃದಯ ನಿಲ್ಲಬಹುದು. ಇಷ್ಟೇ ಬರೆದಿದೆ."

ಜೇಬಿನಿಂದ ಕಾಗದ ತೆಗೆದು ಅವನ ಕೈಗೆ ಕೊಟ್ಟಳು. "ಇದು ನಾನು ಮೊದಲೇ ಓದಿದ್ದೆ ಅಂತ ಇವರು ಬರೆಸಿದ ಕಾಗದ. ನಾನು ಸಹಿ ಹಾಕಿಲ್ಲ. ಹಾಕಲ್ಲ. ಡಾಕ್ಟರು ಕ್ಲಿನಿಕ್ಕಿಂದ ಫೋನಲ್ಲಿ ನಾಲ್ಕು ಅಂದಿದ್ದು, ಇವರು ನನ್ನನ್ನ ಆಫೀಸಿನ ಕಿಟಕಿಯಿಂದ ಓಡಿಸಿದ್ದು, ನಾನು ಚುಚ್ಚಿದ್ದು, ಎಲ್ಲ ಎಲ್ಲಿ ಬೇಕಾದ್ರೂ ಹೇಳ್ತೀನಿ. ಯಾವ ಪೊಲೀಸರ ಹತ್ರ ಬೇಕಾದ್ರೂ ನಡೀರಿ, ನಾನೂ ಬರ್ತೀನಿ."

ಇಸ್ತ್ರಿಯವನು ಕಾಗದ ತೆಗೆದುಕೊಂಡು ಮಡಿಸಿದ. ಅಂಚಿಗೆ ಅಂಚು ಕೂಡಿಸಿ, ಉಗುರಿನಿಂದ ಮಡಿಕೆ ಒತ್ತಿ, ಅಂಗಿಯೊಳಗಿಟ್ಟುಕೊಂಡ. "ನಡೀರಿ" ಅಂದ.

ಮೊಬೈಲು ಇನ್ನೂ ಅವಳ ಕೈಯಲ್ಲಿತ್ತು. ಪುಟದ ಕೆಳಗೆ ಆ ಗುಂಡಿ ಕಾಯುತ್ತಿತ್ತು. ಅವಳು ದೊಡ್ಡ ಡಾಕ್ಟರ ಕಡೆ ತಿರುಗಿ, ಎಲ್ಲರಿಗೂ ಕಾಣುವಂತೆ ಅದನ್ನು ಮೇಲೆತ್ತಿ ಹಿಡಿದು, ತನ್ನ ಗಡುಸು ಹೆಬ್ಬೆರಳಿನಿಂದ ಒತ್ತಿದಳು.

"ಓದಿದ್ದೀನಿ ಸಾರ್. ಅರ್ಥ ಆಗಿದೆ. ಹನ್ನೊಂದು ಐವತ್ತೆರಡು. ಬರ್ಕೊಳ್ಳಿ."